ಬೀದಿಯಲ್ಲಿ ನಡೆಯುತ್ತಾ ಪ್ರಾರ್ಥಿಸುವುದು: ಹತ್ತೇ ನಿಮಿಷಕ್ಕೆ ಮಾತು ಮುಗಿದರೆ?

ಹೊಸಹೆಜ್ಜೆ: ನಮ್ಮ ಕ್ರೈಸ್ತ ಸಭೆಯ ಆರು ಮಂದಿ ವಾರಕ್ಕೊಮ್ಮೆ ಸುತ್ತಲಿನ ಬೀದಿಗಳಲ್ಲಿ ನಡೆಯುತ್ತಾ ಅಲ್ಲಿನವರಿಗಾಗಿ ಪ್ರಾರ್ಥಿಸಬೇಕೆಂದಿದ್ದೇವೆ. ಎಷ್ಟು ದೂರ, ಎಷ್ಟು ಹೊತ್ತು? ಬಾಯಿಬಿಟ್ಟು ಪ್ರಾರ್ಥಿಸಬೇಕೋ, ಮನಸ್ಸಿನಲ್ಲೋ? ಬೈಬಲಿನ ಯೆರಿಕೋ ಪಟ್ಟಣವನ್ನು ಸುತ್ತಿದ ಹಾಗೆ ಏಳು ಸುತ್ತು ಹಾಕಬೇಕು ಎಂಬ ಸಲಹೆಯೂ ಇದೆ.

ಬೀದಿದೀಪ: ಆರು ಮಂದಿ ಒಟ್ಟಿಗೆ ಹೋಗಬೇಡಿ. ಅದು ಮೆರವಣಿಗೆಯಂತೆ ಕಾಣುತ್ತದೆ, ಹಿಂದಿನವರು ಹರಟೆಗೆ ಇಳಿಯುತ್ತಾರೆ. ಇಬ್ಬಿಬ್ಬರ ಮೂರು ಜೋಡಿ ಮಾಡಿ, ಒಂದೊಂದು ಜೋಡಿಗೆ ಬೇರೆ ಬೀದಿ ಕೊಡಿ. 40 ನಿಮಿಷ ನಡಿಗೆ, ಕೊನೆಗೆ ಒಂದೆಡೆ ಸೇರಿ 10 ನಿಮಿಷ ಮಾತು. ಮಾಮೂಲಿ ನಡಿಗೆಗಿಂತ ನಿಧಾನವಾಗಿ ಹೋದರೆ ಇಷ್ಟರಲ್ಲಿ ಎರಡು ಕಿಲೋಮೀಟರ್ ಆಗುತ್ತದೆ, ಅಷ್ಟೇ ಸಾಕು. ವೇಗ ಹೆಚ್ಚಾದರೆ ಅದು ವ್ಯಾಯಾಮ. ಕಣ್ಣಿಗೆ ಏನೂ ಬೀಳುವುದಿಲ್ಲ.

ಮಾತು ಮುಗಿಯುವುದು ಮನೆಯಲ್ಲಿ ತಯಾರಿಸಿಕೊಂಡ ಪ್ರಾರ್ಥನೆಯನ್ನೇ ಬೀದಿಯಲ್ಲಿ ಒಪ್ಪಿಸುವಾಗ. ಕಂಡದ್ದನ್ನು ಹಿಡಿದು ಪ್ರಾರ್ಥಿಸಿ. ಗಾಲಿಕುರ್ಚಿಯ ಇಳಿಜಾರು ಕಂಡರೆ ಆ ಮನೆಯಲ್ಲಿ ಆರೈಕೆ ಮಾಡುವವರಿಗಾಗಿ, ಶಾಲೆಯ ಗೇಟು ಕಂಡರೆ ಮಕ್ಕಳ ಜೊತೆಗೆ ಕಸ ಗುಡಿಸುವವರಿಗಾಗಿಯೂ. ಒಂದು ಕಡೆಗೆ ಒಂದೇ ವಾಕ್ಯ, ಎರಡಾದರೂ ಸರಿ. ಮಾತಾಡುವ ದನಿಯಲ್ಲಿ, ಕಣ್ಣು ತೆರೆದೇ. ಕಣ್ಣು ಮುಚ್ಚಿದರೆ ಎಡವುತ್ತೀರಿ, ಕೈ ಎತ್ತಿದರೆ ಜನ ತಿರುಗಿ ನೋಡುತ್ತಾರೆ. ಬೀದಿಮೂಲೆಯಲ್ಲಿ ಜನರಿಗೆ ಕಾಣಲೆಂದು ಪ್ರಾರ್ಥಿಸುವವರನ್ನು ಮತ್ತಾಯ 6:5 ಕಪಟಿಗಳೆಂದೇ ಕರೆಯುತ್ತದೆ.

ಯಾರ ಮನೆಯ ಮುಂದೆಯೂ ನಿಲ್ಲಬೇಡಿ, ಗೇಟು ಮುಟ್ಟಬೇಡಿ, ಚೀಟಿಯಲ್ಲಿ ಬರೆದುಕೊಳ್ಳಬೇಡಿ. ಮನೆಗಳನ್ನು ನೋಡಿ ಬರೆದುಕೊಳ್ಳುವ ಇಬ್ಬರು ಅಪರಿಚಿತರನ್ನು ಯಾರಾದರೂ ಅನುಮಾನಿಸುತ್ತಾರೆ. ಫೋಟೋ, ವಿಡಿಯೋ ಅಂತೂ ಬೇಡವೇ ಬೇಡ.

ಹಳೆಪುಟ: ಯೆರಿಕೋ ವಿಷಯ. ಯೆಹೋಶುವ 6ರಲ್ಲಿ ದಿನಕ್ಕೊಂದು ಸುತ್ತು ಆರು ದಿನ, ಏಳನೆಯ ದಿನ ಏಳು ಸುತ್ತು. ಸುತ್ತಿದ್ದು ಪಟ್ಟಣ ಬೀಳಲಿ ಎಂದು. ನೆರೆಯವರ ಕ್ಷೇಮ ಬೇಡುವವರಿಗೆ ಅದು ಮಾದರಿ ಆಗುವುದು ಹೇಗೆ? ಯೆರೆಮೀಯ 29:7 ತೆಗೆಯಿರಿ: ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ, ತಾವಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕೆಂಬ ಅಪ್ಪಣೆ ಅದು. ಲೂಕ 10:5ರಲ್ಲೂ ಮನೆಯೊಳಗೆ ಹೋದಾಗ ಮೊದಲ ಮಾತು ಸಮಾಧಾನದ ಹಾರೈಕೆ.

ನಡೆದು ಪ್ರಾರ್ಥಿಸುವುದು ಹೊಸ ಫ್ಯಾಷನ್ ಅಲ್ಲ. 5ನೇ ಶತಮಾನದಲ್ಲಿ, ಇಂದಿನ ಫ್ರಾನ್ಸಿನ ವಿಯೆನ್ ಪಟ್ಟಣದ ಬಿಷಪ್ ಮಾಮೆರ್ಟಸ್, ಯೇಸು ಸ್ವರ್ಗಕ್ಕೆ ಏರಿದ್ದನ್ನು ನೆನೆಯುವ ಸ್ವರ್ಗಾರೋಹಣ ಹಬ್ಬದ ಹಿಂದಿನ ಮೂರು ದಿನ ಬಿನ್ನಹದ ಮೆರವಣಿಗೆ ಶುರು ಮಾಡಿದರು. ಮುಂದೆ ಇಂಗ್ಲೆಂಡಿನಲ್ಲಿ ವರ್ಷದ ಅದೇ ದಿನಗಳಲ್ಲಿ ಸಭಾಪ್ರಾಂತದ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶದ, ಗಡಿ ಸುತ್ತುವ ರೂಢಿ ಬೆಳೆಯಿತು.

ಮಣಿಸರ: ಸ್ವಂತ ಮಾತು ಬಾರದವರಿಗೆ ಸಿದ್ಧ ಪ್ರಾರ್ಥನೆಯೇ ಒಳ್ಳೆಯದು, ಅದರಲ್ಲಿ ನಾಚಿಕೆಯೇನಿಲ್ಲ. ಜಪಸರ (ಮಣಿ ಎಣಿಸುತ್ತಾ ಹೇಳುವ ಕಥೋಲಿಕ ಪ್ರಾರ್ಥನೆ) ಹೇಳುವವರು ಅದರ ಐದು ದಶಕಗಳನ್ನು, ಅಂದರೆ ಹತ್ತು ಮಣಿಗಳ ಐದು ಗುಂಪುಗಳನ್ನು, ಐದು ಬೀದಿಗೆ ಹಂಚಿಕೊಳ್ಳಬಹುದು. ಸುಮಾರು 20 ನಿಮಿಷ. ಬೇರೆಯವರು ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಸಾಲುಗಳನ್ನೇ ಹಂಚಲಿ: ಅಂಗಡಿಗಳ ಬಳಿ ಅನುದಿನದ ಆಹಾರ, ನ್ಯಾಯಾಲಯದ ಬಳಿ ಕ್ಷಮೆ, ಅಪಘಾತವಾಗುವ ತಿರುವಿನಲ್ಲಿ ಕೇಡಿನಿಂದ ತಪ್ಪಿಸು. ಮನಸ್ಸು ಅಲೆಯುತ್ತದೆಯೇ? ನಾಲ್ಕು ಹೆಜ್ಜೆ ಉಸಿರು ಒಳಗೆ, ‘ಕರ್ತನಾದ ಯೇಸುವೇ’; ನಾಲ್ಕು ಹೆಜ್ಜೆ ಹೊರಗೆ, ‘ಇವರನ್ನು ಕರುಣಿಸು’. ಏರು ಬಂದರೆ ಎಣಿಕೆ ಬಿಟ್ಟುಬಿಡಿ, ಏದುಸಿರು ಬರುತ್ತದೆ.

ಹೊಸಹೆಜ್ಜೆ: ‘ಏನು ಮಾಡ್ತಿದ್ದೀರಿ’ ಎಂದು ಯಾರಾದರೂ ಕೇಳಿದರೆ?

ಬೀದಿದೀಪ: ಇದ್ದದ್ದನ್ನೇ ಹೇಳಿ: ‘ಈ ಬೀದಿಯವರ ಒಳಿತಿಗಾಗಿ ಪ್ರಾರ್ಥಿಸುತ್ತಾ ನಡೆಯುತ್ತಿದ್ದೇವೆ.’ ಮುಜುಗರಪಟ್ಟರೆ ನಮಸ್ಕರಿಸಿ ಮುಂದೆ ಹೋಗಿ. ಆಸಕ್ತಿ ತೋರಿದರೆ, ನಿಮಗಾಗಿ ಏನಾದರೂ ಬೇಡಬೇಕೇ ಎಂದು ಒಮ್ಮೆ ಮಾತ್ರ ಕೇಳಿ. ಅಲ್ಲೇ ಬೋಧನೆಗೆ ಇಳಿಯಬೇಡಿ.

ಅವರು ಹೇಳಿದ್ದು ಆ ಜೋಡಿಯಲ್ಲೇ ಉಳಿಯಬೇಕು. ಇಂಥ ಗುಂಪುಗಳು ಕೆಡುವುದು ಹೆಚ್ಚಾಗಿ ಆ ಕೊನೆಯ ಹತ್ತು ನಿಮಿಷದಲ್ಲೇ: ‘ಪ್ರಾರ್ಥನೆಗೆ ವಿಷಯ’ ಎಂದು ಶುರುವಾಗಿ ಮೂರನೇ ಮನೆಯವರ ಸಂಸಾರದ ಚಾಡಿಗೆ ಹೋಗುತ್ತದೆ. ಹೆಸರು ಹೇಳುವಂತಿಲ್ಲ ಎಂದು ಮೊದಲ ವಾರವೇ ಒಪ್ಪಿಕೊಳ್ಳಿ. ಮತ್ತೆ, ವಾರವಾರವೂ ದಾರಿ ಬದಲಿಸಬೇಡಿ. ಅದೇ ಬೀದಿಗೆ ಆರೇಳು ವಾರ ಹೋದಮೇಲೆ, ಕಳೆದ ವಾರ ತೆರೆದಿದ್ದ ಅಂಗಡಿ ಈ ವಾರ ಮುಚ್ಚಿದ್ದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.