ಗೋಲ್ಡನ್ ಬ್ಯಾರೆಲ್ ಕಳ್ಳಿಯ ಬುಡ ಕಂದಾಗಿದೆ, ಕೊಳೆಯುತ್ತಿದೆಯಾ?

ಬಾಲ್ಕನಿ_ಗಿಡ:
ನಮಸ್ಕಾರ. ಬೆಂಗಳೂರಲ್ಲಿ ಮೂರನೇ ಮಹಡಿ, ಪೂರ್ವಕ್ಕಿರೋ ಬಾಲ್ಕನಿ. ಆರು ವರ್ಷದ ಹಿಂದೆ ಅಪ್ಪ ತಂದ ಗೋಲ್ಡನ್ ಬ್ಯಾರೆಲ್ ಇದೆ, ಈಗ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಅಪ್ಪ ಈಗಿಲ್ಲ, ಅದಕ್ಕೇ ಇದನ್ನು ಹೇಗಾದರೂ ಉಳಿಸಿಕೊಳ್ಳಬೇಕು. ಎರಡು ವಾರ ಬಿಡದೆ ಮಳೆ ಬಂತು, ಎರಚಲು ನೇರ ಕುಂಡಕ್ಕೇ ಬೀಳುತ್ತಿತ್ತು. ಈಗ ಬುಡದ ಒಂದು ಕಡೆ ಕಂದು ಬಣ್ಣ. ಪ್ಲಾಸ್ಟಿಕ್ ಕುಂಡ, ಕೆಮ್ಮಣ್ಣು ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಇದುವರೆಗೂ ಒಂದು ಹೂವೂ ಬಿಟ್ಟಿಲ್ಲ. ಏನು ಮಾಡಲಿ?

ಬಳ್ಳಾರಿ_ಬಿಸಿಲು:
ಮೊದಲು ಒಂದು ಕಡ್ಡಿಯಿಂದ ಆ ಕಂದು ಜಾಗವನ್ನು ಒತ್ತಿ ನೋಡಿ. ಮರದ ತೊಗಟೆ ಥರ ಗಟ್ಟಿ ಇದ್ದರೆ ಅದು ವಯಸ್ಸಿನ ಗುರುತು, ಸುಮ್ನೆ ಬಿಟ್ಟುಬಿಡಿ. ಮೆತ್ತಗಿದ್ದು ಒಳಗೆ ಹೋದರೆ ಕೊಳೆತ, ಆಗ ಇವತ್ತೇ ಕುಂಡದಿಂದ ತೆಗೆಯಿರಿ, ನಾಳೆ ಅಂದರೆ ತಡ ಆಗುತ್ತದೆ. ಗೋಣಿಚೀಲ ಮಡಚಿ ಸುತ್ತಿ ಹಿಡಿದುಕೊಳ್ಳಿ, ಮುಳ್ಳು ಚುಚ್ಚಲ್ಲ. ಚಾಕುವಿಗೆ ಸ್ಪಿರಿಟ್ ಒರೆಸಿ, ಕಂದು ಭಾಗವನ್ನೆಲ್ಲ ಕೊಯ್ಯುತ್ತಾ ಹೋಗಿ, ಒಳಗಿನ ತಿರುಳು ಶುದ್ಧ ತಿಳಿಹಸಿರಾಗಿ ಕಾಣುವವರೆಗೂ ನಿಲ್ಲಿಸಬೇಡಿ, ಯಾಕಂದ್ರೆ ಚೂರು ಉಳಿದರೂ ಮತ್ತೆ ಹಬ್ಬುತ್ತದೆ. ಪ್ರತಿ ಸಲ ಕೊಯ್ದಾಗಲೂ ಚಾಕು ಒರೆಸಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ನೆರಳಲ್ಲಿ ಎರಡು ಮೂರು ವಾರ ಒಣಗಲು ಬಿಡಿ. ಅಲ್ಲಿವರೆಗೆ ಒಂದು ಹನಿ ನೀರೂ ಬೇಡ, ಅದರ ಹೊಟ್ಟೆಯಲ್ಲೇ ಸಾಕಷ್ಟು ನೀರಿದೆ.

ಕೋಕೋಪೀಟ್ ನೀರನ್ನು ಹಿಡಿದುಕೊಂಡು ಕೂರುತ್ತದೆ, ಮಳೆಗಾಲದಲ್ಲಿ ಬ್ಯಾರೆಲ್‌ಗೆ ಅದೇ ದೊಡ್ಡ ಶತ್ರು. ಮತ್ತೆ ನೆಡುವಾಗ ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು ಮತ್ತು ಸಣ್ಣ ಜಲ್ಲಿ, ಉಳಿದದ್ದು ಮಣ್ಣು, ಒಂದು ಹಿಡಿ ಇದ್ದಿಲ ಚೂರು. ಮಣ್ಣಿನ ಕುಂಡವೇ ಇರಲಿ.

ತಾರಸಿ_ತೋಟ:
ಬೇರನ್ನೂ ನೋಡಿ ಅಕ್ಕ. ಹತ್ತಿ ಥರ ಬಿಳಿ ಅಂಟಿದ್ದರೆ ಹಿಟ್ಟುತಿಗಣೆ ಅನ್ನೋ ಹುಳ. ತೊಳೆದು ಒಣಗಿಸಿ.

ಟೂಸಾನ್_ಕನ್ನಡಿಗ:
ನಾನಿರುವ ಅರಿಜೋನಾದಲ್ಲಿ ಬ್ಯಾರೆಲ್ ಕಳ್ಳಿಗಳು ಕಾಡಲ್ಲೇ ಬೆಳೆಯುತ್ತವೆ. ಇಲ್ಲಿನ ಜಾತಿ ಬೇರೆ, ವಯಸ್ಸಾದಂತೆ ದಕ್ಷಿಣಕ್ಕೆ ವಾಲುತ್ತದೆ. ನಿಮ್ಮದು ಮೆಕ್ಸಿಕೊದ ಕೆರೆತಾರೊ ಕಡೆಯದ್ದು. 1990ರ ದಶಕದಲ್ಲಿ ಸಿಮಪಾನ್ ಅಣೆಕಟ್ಟು ಕಟ್ಟಿದಾಗ ಈ ಕಳ್ಳಿ ಬೆಳೆಯುತ್ತಿದ್ದ ನೆಲದ ದೊಡ್ಡ ಪಾಲು ಮುಳುಗಿತು, ಕಾಡಲ್ಲಿ ಈಗ ಕಡಿಮೆ. ಹಾಗಾಗಿ ಮನೆಯಲ್ಲಿರುವ ಒಂದೊಂದನ್ನೂ ಜೋಪಾನ ಮಾಡಬೇಕು ಅನ್ನಿಸುತ್ತದೆ ನನಗೆ.

ಒಂದು ಮಾತು, ತೆಗೆಯುವ ಮೊದಲು ಬಿಸಿಲು ಬೀಳುತ್ತಿದ್ದ ಕಡೆಗೆ ಒಂದು ದಾರ ಕಟ್ಟಿ. ಮತ್ತೆ ನೆಟ್ಟಾಗ ಅದೇ ಕಡೆ ಬಿಸಿಲಿಗಿರಲಿ, ಇಲ್ಲದಿದ್ದರೆ ನೆರಳಲ್ಲಿದ್ದ ಮೈ ಸುಟ್ಟು ಬಿಳಿಚಿಕೊಳ್ಳುತ್ತದೆ, ಆ ಕಲೆ ಮತ್ತೆ ಹೋಗಲ್ಲ. ಹೂವಿಗೆ ಅವಸರ ಬೇಡ. ಒಂದು ಅಡಿಗಿಂತ ದಪ್ಪ ಆಗಬೇಕು, ಸುಮಾರು 15 ವರ್ಷ. ಆಮೇಲೆ ನೆತ್ತಿಯ ಉಣ್ಣೆಯಂಥ ಭಾಗದಲ್ಲಿ ಹಳದಿ ಹೂಗಳು ಬರುತ್ತವೆ.

ಬಾಲ್ಕನಿ_ಗಿಡ:
ತೆಗೆದು ನೋಡಿದೆ. ಮೆತ್ತಗೇ ಇತ್ತು, ರೂಪಾಯಿ ನಾಣ್ಯದಷ್ಟು ಅಗಲ, ಅರ್ಧ ಬೇರು ಕಪ್ಪು. ಹೆಬ್ಬೆರಳಿನಷ್ಟು ಆಳ ಕೊಯ್ದ ಮೇಲೆ ಹಸಿರು ಸಿಕ್ಕಿತು. ದಾರ ಕಟ್ಟಿದ್ದೇನೆ. ಬೇಗ ಒಣಗಲಿ ಅಂತ ಫ್ಯಾನ್ ಕೆಳಗೆ ಇಡಬಹುದಾ?

ಬಳ್ಳಾರಿ_ಬಿಸಿಲು:
ಇಡಿ, ಒಳ್ಳೆಯದೇ. ಗಾಯ ಮೇಲೆ ಬರುವ ಹಾಗೆ ಮಲಗಿಸಿ. ನೆಟ್ಟ ಮೇಲೂ ಒಂದು ವಾರ ನೀರು ಬೇಡ.