ತಿರುವಿನಲ್ಲಿ ಕಾರು ತಾನಾಗಿಯೇ ಬ್ರೇಕ್ ಹಿಡಿಯುತ್ತಿದೆ, ಜೊತೆಗೆ ಗರಗರ ಸದ್ದು

ಪ್ರಶ್ನೆ: ಸರ್, ನನ್ನದು ಎಂಟು ವರ್ಷದ ಫ್ರಂಟ್ ವೀಲ್ ಡ್ರೈವ್ ಕಾರು. ಒಂದು ತಿಂಗಳಿಂದ ಬಲಕ್ಕೆ ತಿರುಗಿಸುವಾಗ, ಸ್ಪೀಡ್ 30-40 ಇದ್ದರೂ ಸಾಕು, ಯಾರೋ ಬ್ರೇಕ್ ಒತ್ತಿದ ಹಾಗೆ ತಟ್ಟನೆ ಹಿಡಿಯುತ್ತದೆ. ನನ್ನ ಕಾಲು ಪೆಡಲ್ ಮೇಲೆ ಇರುವುದೇ ಇಲ್ಲ. ಗರಗರ ಅಂತ ಸದ್ದು, ಒಂದು ಸೆಕೆಂಡು ಅಷ್ಟೇ, ಆಮೇಲೆ ಏನೂ ಇಲ್ಲ. ಎಡಕ್ಕೆ ತಿರುಗಿಸಿದರೆ ಆಗುವುದಿಲ್ಲ. ಪ್ಯಾಡ್, ಡಿಸ್ಕ್ ಎರಡೂ ಬದಲಾಯಿಸಿ ಆಯಿತು, ಹಾಗೇ ಇದೆ. ಈಗ ಸಿವಿ ಜಾಯಿಂಟ್ (ಚಕ್ರಕ್ಕೆ ಶಕ್ತಿ ಕೊಡುವ ಆಕ್ಸಲ್‌ನ ತುದಿಯ ಕೀಲು) ಹೋಗಿದೆ, ಆಕ್ಸಲ್ ಹಾಕಿಸಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ. ಹಾಕಿಸಲಾ?

ಉತ್ತರ: ಆಕ್ಸಲ್ ಸದ್ಯಕ್ಕೆ ಬೇಡ. ಸಿವಿ ಜಾಯಿಂಟ್ ಸವೆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಟಕ್ ಟಕ್ ಅನ್ನುತ್ತದೆ, ಕಾರನ್ನು ಹಿಡಿದು ನಿಲ್ಲಿಸುವುದಿಲ್ಲ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾಮ್ ಆಗಿದ್ದರೆ ನೇರ ರಸ್ತೆಯಲ್ಲೂ ಎಳೆಯುತ್ತದೆ, ಆ ಚಕ್ರದ ರಿಮ್ ಮಿಕ್ಕವಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ನೀವು ಹೇಳುತ್ತಿರುವುದು ಬರುತ್ತೆ, ಒಂದು ಸೆಕೆಂಡಿನಲ್ಲಿ ಹೋಗುತ್ತೆ. ನನ್ನ ಅನುಮಾನ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಪಂಪಿನ ಮೇಲೆ. ಪಂಪ್ ಕೆಟ್ಟಿದೆ ಅಂತಲ್ಲ, ಯಾವುದೋ ಸೆನ್ಸರ್ ಅದಕ್ಕೆ ಸುಳ್ಳು ಸುದ್ದಿ ಕೊಡುತ್ತಿದೆ ಅಂತ. ಕಾರು ಜಾರುತ್ತಿದೆ ಅಂತ ಕಂಪ್ಯೂಟರ್ ಅಂದುಕೊಂಡರೆ ನೀವು ಪೆಡಲ್ ಮುಟ್ಟದೇ ಇದ್ದರೂ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಬಲ್ಲದು. ಆ ಗರಗರ ಪಂಪಿನ ಮೋಟಾರು ಮತ್ತು ವಾಲ್ವ್‌ಗಳ ಸದ್ದು. ಒಂದು ಮಾತು ಹೇಳಿ: ಹಿಡಿಯುವ ಕ್ಷಣದಲ್ಲಿ ಮೀಟರಿನಲ್ಲಿ ಜಾರುವ ಕಾರಿನ ಹಳದಿ ಚಿತ್ರ ಮಿನುಗುತ್ತದೆಯಾ? ವ್ಹೀಲ್ ಅಲೈನ್‌ಮೆಂಟ್ ಇತ್ತೀಚೆಗೆ ಮಾಡಿಸಿದ್ದೀರಾ? ನಾಲ್ಕೂ ಟೈರ್ ಒಂದೇ ಸೈಜ್ ತಾನೇ?

ಪ್ರಶ್ನೆ ಕೇಳಿದವರು: ಹೌದು ಸರ್! ಹೆಂಡತಿಗೆ ಪಕ್ಕದಲ್ಲಿ ಕೂತು ಮೀಟರ್ ನೋಡು ಅಂದೆ. ಎರಡು ಸಲ ಮಿನುಗಿ ಆರಿತಂತೆ. ನಾನು ರಸ್ತೆ ನೋಡುತ್ತಿದ್ದೆ, ಗೊತ್ತೇ ಆಗಿರಲಿಲ್ಲ. ಟೈರ್ ಎಲ್ಲ ಒಂದೇ. ಅಲೈನ್‌ಮೆಂಟ್ ವರ್ಷದ ಹಿಂದೆ.

ಉತ್ತರ: ಹಾಗಾದರೆ ದಾರಿ ಸಿಕ್ಕಿತು. ಇನ್ನು ಯಾವ ಪಾರ್ಟನ್ನೂ ಅಂದಾಜಿನ ಮೇಲೆ ಹಾಕಿಸಬೇಡಿ. ಎಬಿಎಸ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಬರೀ ಕೋಡ್ (ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಗುರುತು) ನೋಡಿ ಕಳಿಸಿದರೆ ಒಪ್ಪಬೇಡಿ, ಇಂಥ ಕೇಸಿನಲ್ಲಿ ಎಷ್ಟೋ ಸಲ ಕೋಡೇ ಇರುವುದಿಲ್ಲ. ಲೈವ್ ಡೇಟಾದಲ್ಲಿ ನಾಲ್ಕು ಚಕ್ರದ ಸ್ಪೀಡ್ ಮತ್ತು ಸ್ಟೇರಿಂಗ್ ಆಂಗಲ್ ಒಟ್ಟಿಗೆ ಇಟ್ಟುಕೊಂಡು ಖಾಲಿ ಜಾಗದಲ್ಲಿ ಓಡಿಸಬೇಕು. ಒಬ್ಬರು ಓಡಿಸಿ, ಇನ್ನೊಬ್ಬರು ಸ್ಕ್ರೀನ್ ನೋಡಲಿ. ನೇರ ಹೋಗುವಾಗ ಸ್ಟೇರಿಂಗ್ ಆಂಗಲ್ ಸೊನ್ನೆಯ ಹತ್ತಿರ ಇರಬೇಕು. ಅದು ದೂರ ಇದ್ದರೆ ಸ್ಟೇರಿಂಗ್ ಆಂಗಲ್ ಸೆನ್ಸರನ್ನು ಮತ್ತೆ ಸೆಟ್ ಮಾಡಿದರೆ ಮುಗಿಯಬಹುದು. ಅದು ಸರಿ ಇದ್ದರೆ ಚಕ್ರಗಳ ಸ್ಪೀಡ್ ನೋಡಿ. ತಿರುವಿನಲ್ಲಿ ಹೊರಗಿನ ಚಕ್ರ ಸ್ವಲ್ಪ ಜಾಸ್ತಿ ಓಡುವುದು ಸಹಜ, ಆದರೆ ಯಾವುದೂ ಇದ್ದಕ್ಕಿದ್ದಂತೆ ಕೆಳಗೆ ಬೀಳಬಾರದು.

ಇನ್ನೊಬ್ಬ ಸದಸ್ಯರು: ಸುಮ್ನೆ ಎಬಿಎಸ್ ಫ್ಯೂಸ್ ತೆಗೆದು ಓಡಿಸಿದರೆ ಆಗಲ್ವಾ?

ಉತ್ತರ: ದಯವಿಟ್ಟು ಬೇಡ. ಖಾಲಿ ಜಾಗದಲ್ಲಿ ನಿಧಾನವಾಗಿ ಒಂದು ಟೆಸ್ಟಿಗೆ ಸರಿ: ಫ್ಯೂಸ್ ತೆಗೆದಾಗ ತೊಂದರೆ ನಿಂತರೆ ಅದು ಕಂಪ್ಯೂಟರ್ ಹಾಕುತ್ತಿದ್ದ ಬ್ರೇಕ್ ಅಂತ ಖಚಿತವಾಗುತ್ತದೆ. ಆದರೆ ಹಾಗೇ ರಸ್ತೆಗೆ ಇಳಿದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗುತ್ತದೆ, ಆಗ ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಮಳೆ ಬಂದ ದಿನ ಇದು ಜೀವಕ್ಕೇ ಅಪಾಯ.

ಪ್ರಶ್ನೆ ಕೇಳಿದವರು: ಸರ್, ನೋಡಿಸಿದೆ. ಸ್ಟೇರಿಂಗ್ ಆಂಗಲ್ ಸರಿ ಇದೆ. ಬಲಕ್ಕೆ ತಿರುಗಿದ ತಕ್ಷಣ ಮುಂದಿನ ಎಡ ಚಕ್ರ ಮಾತ್ರ 34ರಿಂದ ಸೊನ್ನೆಗೆ ಬಿದ್ದು ಮತ್ತೆ ಮೇಲೆ ಬರುತ್ತಿದೆ! ಆ ಚಕ್ರದ ಸ್ಪೀಡ್ ಸೆನ್ಸರ್ ಬದಲಿಸಲಾ?

ಉತ್ತರ: ಅದಕ್ಕಿಂತ ಮೊದಲು ಆ ಚಕ್ರದ ಬೇರಿಂಗ್ ನೋಡಿಸಿ. ಬಲಕ್ಕೆ ತಿರುಗಿದಾಗ ಕಾರಿನ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತದೆ. ಬೇರಿಂಗ್ ಸಡಿಲ ಇದ್ದರೆ ಹಬ್ (ಚಕ್ರ ಕೂರುವ ಭಾಗ) ಸ್ವಲ್ಪ ವಾಲುತ್ತದೆ. ಸೆನ್ಸರಿಗೂ ಅದು ಓದುವ ರಿಂಗಿಗೂ ಇರುವ ಸಂದು ಸಾಮಾನ್ಯವಾಗಿ ಸುಮಾರು 1 ಮಿಲಿಮೀಟರ್ ಮಾತ್ರ, ಹಾಗಾಗಿ ಅಷ್ಟು ವಾಲಿದರೂ ಸಿಗ್ನಲ್ ತಪ್ಪುತ್ತದೆ. ಎಡ ಚಕ್ರ ನಿಂತಿದೆ, ಬಲ ಚಕ್ರ ಸುಮ್ನೆ ಸುತ್ತುತ್ತಿದೆ ಅಂತ ಕಂಪ್ಯೂಟರ್ ತಿಳಿದು ಬಲ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಕೆಟ್ಟಿರುವುದು ಎಡಗಡೆ, ಹಿಡಿಯುವುದು ಬಲಗಡೆ. ಕಾರನ್ನು ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಚಕ್ರವನ್ನು ಕೈಯಿಂದ ತಿರುಗಿಸುವಾಗ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಬೆರಳಿಟ್ಟರೆ ಸವೆದ ಬೇರಿಂಗಿನ ಒರಟು ಅದುರು ಬೆರಳಿಗೇ ತಿಳಿಯುತ್ತದೆ. ಬೇರಿಂಗ್ ಗಟ್ಟಿ ಇದ್ದರೆ ಸೆನ್ಸರ್ ಬಿಚ್ಚಿ ನೋಡಿ, ಅದರ ಬುಡದಲ್ಲಿ ತುಕ್ಕು ಬೆಳೆದು ಸೆನ್ಸರನ್ನೇ ಮೇಲೆತ್ತಿರಬಹುದು. ಸ್ಟೇರಿಂಗ್ ತಿರುಗಿಸಿದಾಗ ವೈರ್ ಎಳೆಯುತ್ತದಾ ಅಂತಲೂ ನೋಡಿ.

ಪ್ರಶ್ನೆ ಕೇಳಿದವರು: ಚಕ್ರ ಕೈಗೇ ಅಲ್ಲಾಡುತ್ತಿದೆ ಸರ್. ನಾಳೆ ಬೇರಿಂಗ್ ಹಾಕಿಸುತ್ತೇನೆ.

ಉತ್ತರ: ಅಲ್ಲಾಡುತ್ತಿದ್ದರೆ ಅಲ್ಲಿಯವರೆಗೆ ಕಾರು ಓಡಿಸಬೇಡಿ. ಇನ್ನೊಂದು ಮುಖ್ಯ ವಿಷಯ. ಬೇರಿಂಗಿನ ಸೀಲಿನಲ್ಲೇ ಮ್ಯಾಗ್ನೆಟ್ ರಿಂಗ್ ಇರುವ ಮಾದರಿ ಆದರೆ ಆ ಬದಿ ಸೆನ್ಸರಿನ ಕಡೆಗೇ ಬರಬೇಕು. ಎರಡೂ ಬದಿ ನೋಡಲು ಒಂದೇ ಥರ ಇರುತ್ತವೆ, ತಿರುವುಮುರುವು ಹಾಕಿದರೆ ಆ ಚಕ್ರದ ಸ್ಪೀಡೇ ಬರುವುದಿಲ್ಲ. ಹಬ್ ನಟ್ ಹೊಸದೇ ಹಾಕಿಸಿ, ಟಾರ್ಕ್ ರೆಂಚಿನಲ್ಲೇ (ಬಿಗಿತ ಅಳೆದು ತೋರಿಸುವ ಪಾನಾ) ಬಿಗಿಸಲು ಹೇಳಿ. ಮುಗಿದ ಮೇಲೆ ಅದೇ ಸ್ಕ್ಯಾನರ್ ಹಾಕಿ, ಅದೇ ಬಲ ತಿರುವು ಇನ್ನೊಂದು ಸಲ ತಿರುಗಿಸಿ ನೋಡಿ.