30 ಮೀಟರ್ ಆಳದ ಹಡಗಿನೊಳಗೆ ಹೋಗಲು ಒಂದೇ 12 ಲೀಟರ್ ಟ್ಯಾಂಕ್ ಸಾಕೇ?

ಅಲೆಮಗ್ಗ:
ಕೆಂಪು ಸಮುದ್ರದ ಥಿಸಲ್‌ಗಾರ್ಮ್ ಡೈವ್ ಬಗ್ಗೆ ತಿಳಿದವರು ಹೇಳಿ. 1941ರ ಅಕ್ಟೋಬರ್ 6ರಂದು ಜರ್ಮನ್ ಬಾಂಬ್ ದಾಳಿಗೆ ಮುಳುಗಿದ ಬ್ರಿಟಿಷ್ ಸರಕು ಹಡಗು ಅದು, ತಳ ಸುಮಾರು 30 ಮೀಟರ್. ಹೋಲ್ಡ್‌ಗಳಲ್ಲಿ, ಅಂದರೆ ಸರಕು ತುಂಬುವ ಒಳಕೋಣೆಗಳಲ್ಲಿ, ಈಗಲೂ ಮೋಟಾರ್‌ಸೈಕಲ್, ಲಾರಿಗಳಿವೆ. ಇಬ್ಬರ ಜೋಡಿ, ತಲಾ ಒಂದು 12 ಲೀಟರ್ ಟ್ಯಾಂಕ್, 200 ಬಾರ್ ಒತ್ತಡ, ನೈಟ್ರಾಕ್ಸ್ 32 (ಶೇ. 32 ಆಮ್ಲಜನಕವಿರುವ ಗಾಳಿ). ಮೂರನೇ ಒಂದರ ಲೆಕ್ಕದಂತೆ ಹೋಗಲು 66 ಬಾರ್, ಬರಲು 66, ಉಳಿಕೆ 66 ಇಟ್ಟುಕೊಂಡರೆ ಒಳಗೆ ಹೋಗಬಹುದೇ? ದಾರಿ ಗುರುತಿಗೆ ದಾರ ಬಿಡುವ ರೀಲ್ ಬೇಕೇ ಬೇಕೇ?

ಆಳದೀಪ:
ಸಾಲದು. ಮೂರನೇ ಒಂದರ ನಿಯಮದ ಒಳಗುಟ್ಟು ನೋಡಿ. ಅತ್ಯಂತ ಒಳಗಿರುವಾಗ ಒಬ್ಬರ ಗಾಳಿ ಪೂರ್ತಿ ಕೈಕೊಟ್ಟಿತು ಅಂದುಕೊಳ್ಳಿ. ಇನ್ನೊಬ್ಬರ ಬಳಿ 133 ಬಾರ್ ಇದೆ. ಅದನ್ನು ಇಬ್ಬರೂ ಹಂಚಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅದೂ ಮುಗಿದಿರುತ್ತದೆ. ಬಾಗಿಲಿರುವುದು ನೀರಿನ ಮೇಲಲ್ಲ, ಆಳದಲ್ಲಿ. ಮೇಲೇರುವುದು ಇನ್ನೂ ಬಾಕಿ.

ಆದ್ದರಿಂದ ಮೊದಲು ಮೇಲೇರಲು ಬೇಕಾದ ಗಾಳಿಯನ್ನು ತೆಗೆದಿಡಿ. ಗಾಬರಿಯಲ್ಲಿ ತಲಾ ನಿಮಿಷಕ್ಕೆ 30 ಲೀಟರ್, ಇಬ್ಬರಿಗೆ 60. 30 ಮೀಟರ್‌ನಲ್ಲಿ ಒತ್ತಡ 4 ಬಾರ್, ಹಾಗಾಗಿ ಖರ್ಚೂ 4 ಪಟ್ಟು, ಅಲ್ಲಿ ಸುಧಾರಿಸಿಕೊಳ್ಳಲು 1 ನಿಮಿಷ: 240 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ 5 ಮೀಟರ್‌ವರೆಗೆ ಏರಲು ಸುಮಾರು 3 ನಿಮಿಷ, ಸರಾಸರಿ ಒತ್ತಡ 2.75: 495 ಲೀಟರ್. 5 ಮೀಟರ್‌ನಲ್ಲಿ 3 ನಿಮಿಷದ ಸುರಕ್ಷತಾ ನಿಲುಗಡೆ: 270. ಕೊನೆಯ 5 ಮೀಟರ್‌ಗೆ 75. ಒಟ್ಟು 1080 ಲೀಟರ್, ಅಂದರೆ 12 ಲೀಟರ್ ಟ್ಯಾಂಕಿನಲ್ಲಿ 90 ಬಾರ್.

200ರಲ್ಲಿ ಉಳಿಯುವುದು 110. ಅದನ್ನು ಮೂರು ಪಾಲು ಮಾಡಿದರೆ ತಲಾ 36 ಬಾರ್, ಸುಮಾರು 430 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 30 ಮೀಟರ್‌ನಲ್ಲಿ 80 ಲೀಟರ್ ಖರ್ಚು ಮಾಡುತ್ತಾರೆ, ಹಾಗಾಗಿ ಐದೂವರೆ ನಿಮಿಷವೂ ಇಲ್ಲ. ಇಳಿಯುವ ಖರ್ಚೂ ಅದರಲ್ಲೇ! ಸೆಳೆತದ ವಿರುದ್ಧ ಹಗ್ಗ ಹಿಡಿದು ಇಳಿಯಬೇಕಾಗಿ ಬಂದರೆ ಅದರಲ್ಲಿ ಅರ್ಧ ಅಲ್ಲೇ ಹೋಗುತ್ತದೆ.

ನೈಟ್ರಾಕ್ಸ್ 32ರಿಂದ ಡಿಕಂಪ್ರೆಷನ್ (ಮೇಲೇರುವಾಗ ಕಡ್ಡಾಯವಾಗಿ ನಿಲ್ಲುವುದು) ಇಲ್ಲದೆ ಆಳದಲ್ಲಿ ಕಳೆಯಬಹುದಾದ ಸಮಯ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. 1.4 ಬಾರ್ ಆಮ್ಲಜನಕದ ಮಿತಿಯಲ್ಲಿ ಅದರ ಆಳ 33 ಮೀಟರ್, ಆ ಲೆಕ್ಕಕ್ಕೆ ಇಲ್ಲಿ ತೊಂದರೆಯಿಲ್ಲ. ಒಂದು ಟ್ಯಾಂಕ್ ಇದ್ದರೆ ಹಡಗಿನ ಹೊರಮೈ, ಡೆಕ್, ನೆತ್ತಿ ತೆರೆದಿರುವ ಹೋಲ್ಡಿನ ಬಾಯಿ, ಇಷ್ಟೇ. ನಿಜವಾಗಿ ಒಳಹೊಕ್ಕಬೇಕಾದರೆ ಜೋಡಿ ಟ್ಯಾಂಕ್, ಉಸಿರಾಡಲು ಎರಡು ಪ್ರತ್ಯೇಕ ರೆಗ್ಯುಲೇಟರ್, ಒಂದಕ್ಕೆ ಸುಮಾರು 2 ಮೀಟರ್ ಉದ್ದದ ಹೋಸ್ (ಗಾಳಿಯ ಕೊಳವೆ), ಜೊತೆಗೆ ತರಬೇತಿ. ಹೋಸ್ ಗಿಡ್ಡವಾಗಿದ್ದರೆ ಇಕ್ಕಟ್ಟಾದ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬರಲಾಗುವುದಿಲ್ಲ.

ತುಕ್ಕುಗೆರೆ:
ಲೆಕ್ಕ ಸರಿಯಾಗಿದೆ. ಆದರೆ ಗಾಳಿಗಿಂತ ಮೊದಲು ಕೈಕೊಡುವುದು ಕಣ್ಣು. ಒಳಗೆ ಹೋಗುವಾಗ ತಿಳಿನೀರು. ಬಿಟ್ಟ ಗುಳ್ಳೆಗಳು ಮೇಲ್ಛಾವಣಿಗೆ ತಾಗಿ, ತುಕ್ಕಿನ ಹಕ್ಕಳೆಗಳು ಕಳಚಿ ನಿಧಾನವಾಗಿ ಉದುರುತ್ತವೆ. ಕಾಲಿಗೆ ಹಾಕಿದ ಫಿನ್ ಕೆಳಗೆ ಬೀಸಿದರೆ ತಳದ ಹೂಳು ಏಳುತ್ತದೆ. ಹಿಂತಿರುಗಿ ನೋಡಿದರೆ ಟಾರ್ಚಿನ ಬೆಳಕು ಕಂದು ಗೋಡೆಗೆ ಬಡಿದಂತೆ ನಿಂತುಬಿಡುತ್ತದೆ. ಅದಕ್ಕೇ ಮೊಣಕಾಲು ಮಡಚಿ, ಫಿನ್ ಮೇಲೆತ್ತಿ, ಕಪ್ಪೆಯ ಹಾಗೆ ಪಕ್ಕಕ್ಕೆ ಒದೆಯುವ ಈಜು. ಕತ್ತರಿ ಒದೆತ ಬೇಡವೇ ಬೇಡ.

ರೀಲ್ ಬೇಕೇ ಬೇಕು. ಮೊದಲ ಗಂಟು ಹೊರಗೆ, ನೇರವಾಗಿ ಮೇಲೇರಬಹುದಾದ ಜಾಗದಲ್ಲಿ. ಎರಡನೆಯದು ಬಾಗಿಲು ದಾಟಿದ ಕೂಡಲೇ. ತಿರುವಿಗೊಂದು ಸುತ್ತು, ದಾರ ಸದಾ ಬಿಗಿ. ಸಡಿಲ ಬಿಟ್ಟರೆ ಕೈ ತೂರದ ಸಂದಿಗೆ ಸರಿದುಬಿಡುತ್ತದೆ, ಏನೂ ಕಾಣದಾಗ ಅದನ್ನು ಹಿಂಬಾಲಿಸಲು ಆಗುವುದಿಲ್ಲ. ತುಕ್ಕು ಹಿಡಿದ ತಗಡಿನ ಅಂಚು ಗರಗಸವಿದ್ದಂತೆ, ಅಲ್ಲಿ ಗಂಟು ಹಾಕಬೇಡಿ. ಬರುವಾಗ ಹೆಬ್ಬೆರಳು, ತೋರುಬೆರಳನ್ನು ಉಂಗುರ ಮಾಡಿ ದಾರ ಅದರೊಳಗೆ ಜಾರುವಂತೆ ಹಿಡಿಯಿರಿ, ಎಳೆಯಬೇಡಿ. ಒಂದು ಮುಖ್ಯ ಟಾರ್ಚ್, ಎರಡು ಬದಲಿ ಟಾರ್ಚ್. ಯಾವ ಕೈಗಾದರೂ ಸಿಗುವ ಕಡೆ ಎರಡು ಕಟರ್, ಏಕೆಂದರೆ ಇಂಥ ಕಡೆ ಹಳೇ ಮೀನುಬಲೆ ಸಿಕ್ಕಿಕೊಳ್ಳುವುದು ಮಾಮೂಲು.

ಅಲೆಮಗ್ಗ:
ಸರಿ, ಹೊರಗಿನಿಂದಲೇ ನೋಡುವ ಯೋಜನೆ ಮಾಡುತ್ತೇವೆ. ಕೈಗವಸು ಹಾಕಿ ಹಿಡಿದುಕೊಂಡರೆ ಹಡಗಿಗೆ ಹಾನಿಯೇ? ಒಳಗೆ ಮೇಲುಗಡೆ ಬೆಳ್ಳಿಯಂತೆ ಹೊಳೆಯುವ ಗಾಳಿಯ ಪೊಳ್ಳುಗಳಿರುತ್ತವಲ್ಲ, ತುರ್ತಿಗೆ ಉಸಿರಾಡಬಹುದೇ?

ಕಡಲಕಟ್ಟೆ:
ಆ ಪೊಳ್ಳಿನಲ್ಲಿ ರೆಗ್ಯುಲೇಟರ್ ಬಾಯಿಂದ ತೆಗೆಯಲೇಬೇಡಿ. ಅದು ಡೈವರ್‌ಗಳು ಬಿಟ್ಟ ಉಸಿರು. ತುಕ್ಕು ಹಿಡಿಯುವ ಕಬ್ಬಿಣ ಅದರ ಆಮ್ಲಜನಕವನ್ನು ಹೀರುತ್ತಾ ಇರುತ್ತದೆ. ಹಡಗಿಗೂ ಅದರಿಂದ ನಷ್ಟವೇ: ಅಲ್ಲಿ ಸಿಕ್ಕಿಕೊಂಡ ಗಾಳಿಯಿಂದ ಮೇಲಿನ ತಗಡು ಬೇಗ ಸವೆಯುತ್ತದೆ. ಒಳಗೆ ಹೋಗದಿರಲು ಇದೂ ಒಂದು ಕಾರಣ. ಆಸ್ಟ್ರೇಲಿಯಾದಲ್ಲಿ 1911ರ ಚಂಡಮಾರುತಕ್ಕೆ 122 ಜನರೊಂದಿಗೆ ಮುಳುಗಿದ ಯೊಂಗಾಲಾ ಹಡಗಿನಲ್ಲಂತೂ ಒಳಹೋಗುವುದೇ ನಿಷಿದ್ಧ.

ಕೈಗವಸು ಕೈಯನ್ನು ಕಾಯುತ್ತದೆ, ಹಡಗನ್ನಲ್ಲ. ಹಡಗಿನ ಕಂಬಿಗೆ ದೋಣಿಯ ಹಗ್ಗ ಕಟ್ಟಿದರೆ ಅಲೆಯ ಎಳೆತಕ್ಕೆ ಕಂಬಿಯೇ ಕಿತ್ತುಬರುತ್ತದೆ. ಕಟ್ಟುವುದು ಎಲ್ಲಿ ಅಂತ ದೋಣಿಯವರನ್ನು ಮೊದಲೇ ಕೇಳಿ. ಥಿಸಲ್‌ಗಾರ್ಮ್‌ನಲ್ಲಿ ಬಾಂಬ್ ಬಿದ್ದಿದ್ದು ಮದ್ದುಗುಂಡು ಇದ್ದ ಹಿಂಭಾಗದ ಹೋಲ್ಡಿನ ಬಳಿ. ಸಿಡಿಯದ ಶೆಲ್‌ಗಳು ಈಗಲೂ ಅಲ್ಲಿ ಬಿದ್ದಿವೆ, ಮುಟ್ಟಬೇಡಿ.

ಏನನ್ನೂ ಮೇಲೆ ತರಬೇಡಿ. ಉಪ್ಪುನೀರಲ್ಲಿ ದಶಕಗಳಿಂದಿದ್ದ ಎರಕದ ಕಬ್ಬಿಣ ಆಕಾರ ಉಳಿಸಿಕೊಂಡಿದ್ದರೂ ಕಬ್ಬಿಣ ಕರಗಿಹೋಗಿ ಗ್ರಾಫೈಟ್ ಮಾತ್ರ ಉಳಿದಿರುತ್ತದೆ. ಒಣಗಲು ಬಿಟ್ಟರೆ ಒಳಗಿನ ಕ್ಲೋರೈಡ್ ಕೆಲಸ ಶುರುಮಾಡಿ, ಪದರಪದರವಾಗಿ ಬಿರಿದು ಪುಡಿಯಾಗುತ್ತದೆ. ಉಪ್ಪು ಬಿಡಿಸಲು ಕ್ಷಾರದ ದ್ರಾವಣದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇಡಬೇಕು. ಮರ ಇನ್ನೂ ಕಷ್ಟ: 1961ರಲ್ಲಿ ಎತ್ತಿದ ಸ್ವೀಡನ್ನಿನ ವಾಸಾ ಹಡಗಿಗೆ, ಮರದೊಳಗಿನ ನೀರಿನ ಜಾಗ ತುಂಬುವ ಪಾಲಿಎಥಿಲೀನ್ ಗ್ಲೈಕಾಲ್ ಸಿಂಪಡಿಸಿದ್ದು 17 ವರ್ಷ. ಕಂಡದ್ದರ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಟಾರ್ಚ್ ಹಿಡಿಯಿರಿ, ಆಳ ಬರೆದುಕೊಳ್ಳಿ. ಮುಂದೆ ಅದೇ ಜಾಗ ಎಷ್ಟು ಸವೆದಿದೆ ಅಂತ ಹೋಲಿಸುವವರಿಗೆ ಅಂಥ ಫೋಟೋ ಬಹಳ ಬೇಕಾಗುತ್ತದೆ.